ಎಸ್‌ಪಿ ರೋಡಿನ ಎರಡನೇ ಮಹಡಿ

ಬೆಂಗಳೂರಿನ ಹಳೇ ಪೇಟೆಯಲ್ಲಿ ಬೀದಿಯ ಹೆಸರೇ ವ್ಯಾಪಾರದ ಬೋರ್ಡು. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ. ಕಂಪ್ಯೂಟರಿಗೆ ಮಾತ್ರ ಆ ಭಾಗ್ಯ ಸಿಗಲಿಲ್ಲ. ಅದು ಹೋಗಿ ಕೂತಿದ್ದು ಸಾದರ ಪತ್ರಪ್ಪ ರಸ್ತೆಯಲ್ಲಿ. ಪೂರ್ತಿ ಹೆಸರು ಹೇಳಿದ್ರೆ ಆಟೋದವರೂ ಒಂದು ಕ್ಷಣ ಯೋಚಿಸ್ತಾರೆ. ಎಸ್‌ಪಿ ರೋಡ್ ಅಂದ್ರೆ ಸಾಕು.

ಚಿಕ್ಕಪೇಟೆ ಮೆಟ್ರೋ ಇಳಿದು ನಡೆದು ಹೋಗೋದೇ ವಾಸಿ. ಭಾನುವಾರ ಬೇಡ, ಬಹುಪಾಲು ಅಂಗಡಿ ಬಾಗಿಲು ಹಾಕಿರ್ತವೆ. ನೆಲಮಹಡಿಯಲ್ಲಿ ಹೊಸ ಮಾಲಿನ ಹೊಳಪು, ಕೈ ಹಿಡಿದು ಕರೆಯುವ ಹುಡುಗರು. ನಿಜವಾದ ರಿಪೇರಿ ನಡೆಯೋದು ಒಬ್ಬರೇ ಹತ್ತಬಹುದಾದ ಮೆಟ್ಟಿಲುಗಳ ಮೇಲೆ.

ತಂಗಿ ಇಂಟೀರಿಯರ್ ಡಿಸೈನರ್. ಕೆಲಸ ಬಿಟ್ಟು ಸ್ವಂತ ಶುರು ಮಾಡಿ ವರ್ಷ ಆಗಿದೆ ಅಷ್ಟೇ. ಅವಳದು ಸೆಕೆಂಡ್‌ಹ್ಯಾಂಡ್ ಡೆಲ್ ಪ್ರಿಸಿಷನ್ 7710, ಒಳಗೆ 4 ಜಿಬಿಯ ಕ್ವಾಡ್ರೊ ಎಂ3000ಎಂ. ದೊಡ್ಡ ಮನೆಯ ಫೈಲ್ ತೆರೆದ್ರೆ ಮೆಮೊರಿ ಸಾಲದೆ ರೆಂಡರ್ ಅರ್ಧಕ್ಕೇ ನಿಲ್ತಿತ್ತು. ಹೊಸ ವರ್ಕ್‌ಸ್ಟೇಷನ್ ಲಕ್ಷಗಳ ಮಾತು. ಸೋಮವಾರದೊಳಗೆ ಗ್ರಾಹಕರಿಗೆ ವಿಡಿಯೊ ಹೋಗದಿದ್ರೆ ಅಡ್ವಾನ್ಸ್ ವಾಪಸ್ ಕೊಡಬೇಕು.

ಮೊದಲ ಅಂಗಡಿಯವರು ಲ್ಯಾಪ್‌ಟಾಪ್ ನೋಡದೇನೇ "ಎಲ್ಲಾ ಕಾರ್ಡೂ ಕೂರುತ್ತೆ" ಅಂದರು. ಅಲ್ಲಿಂದ ಎದ್ದು ಬಂದ್ವಿ. ಎರಡನೇ ಮಹಡಿಯ ಹುಡುಗ ಮಾತಿಗಿಂತ ಮೊದಲು ಸ್ಕ್ರೂಡ್ರೈವರ್ ತೆಗೆದ.

"ಅಕ್ಕಾ, ನಿಮ್ಮದು ಎಂಎಕ್ಸ್‌ಎಂ. ಬಿಚ್ಚಬಹುದು."

ಎಂಎಕ್ಸ್‌ಎಂ ಅಂದ್ರೆ ಸ್ಲಾಟಿಗೆ ಸಿಕ್ಕಿಸುವ ಪುಟ್ಟ ಗ್ರಾಫಿಕ್ಸ್ ಬೋರ್ಡು. ಅಗಲ 82 ಮಿಲಿಮೀಟರ್. ಉದ್ದ ಎ ಮಾದರಿಗೆ 70, ಬಿ ಮಾದರಿಗೆ 105. ಅಳತೆ ಸರಿಹೋದ್ರೆ ಸಾಲದು ಅಂತ ಅವನೇ ಹೇಳಿದ. ಬೇರೆ ಕಂಪನಿಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಕಾರ್ಡನ್ನು ಬಯಾಸ್ ಗುರುತಿಸದೇ ಇರಬಹುದು. ಅದಕ್ಕೇ ಇದೇ ಮಾಡೆಲ್ಲಿಗೆ ಡೆಲ್ ಕೊಡ್ತಿದ್ದ 8 ಜಿಬಿಯ ಎಂ5000ಎಂ ಹುಡುಕಿ ತರಿಸಿದ. ಹಳೆಯದು 75 ವ್ಯಾಟ್, ಇದು 100. ಶಾಖ ಹೊರಹಾಕೋ ಹೀಟ್‌ಸಿಂಕು ಇದಕ್ಕೆ ಹೊಂದಬೇಕು, ಅಡಾಪ್ಟರು 240 ವ್ಯಾಟಿನದೇ ಇರಬೇಕು.

ಅವನು ಥರ್ಮಲ್ ಪೇಸ್ಟ್ ಸವರ್ತಿದ್ದಾಗ ಒಬ್ಬ ಟೆಕ್ಕಿ ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ತಂದ. ಹುಡುಗ ಹಿಂಬದಿ ಬಿಚ್ಚಿ, ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದ ಚಿಪ್ ತೋರಿಸಿದ. "ಇದಕ್ಕೆ ಇಷ್ಟೇ ಸರ್." ಸ್ಕ್ರೂ ವಾಪಸ್ ಹಾಕಿದ, ದುಡ್ಡು ತಗೊಳ್ಳಲಿಲ್ಲ. ಇಂಥವೇ ಈಗ ದಿನಕ್ಕೆ ಜಾಸ್ತಿ ಬರ್ತವಂತೆ. ಈ ಮಹಡಿಯ ಬಾಡಿಗೆ ಎಷ್ಟು ದಿನ ಹುಟ್ಟುತ್ತೋ ಅಂತ ನನಗೆ ಅನ್ನಿಸ್ತು, ಕೇಳಲಿಲ್ಲ.

ದುಡ್ಡು ಕೊಡೋ ಮುಂಚೆ ತಂಗಿ ಪೆನ್‌ಡ್ರೈವ್ ತೆಗೆದಳು. ಅಂಗಡಿಯ ಡೆಮೊ ಬೇಡ, ನನ್ನ ಫೈಲೇ ಓಡಲಿ ಅಂದಳು. (ನೀವು ಹೋದ್ರೂ ಹಾಗೇ ಮಾಡಿ.) ಅರ್ಧ ಗಂಟೆ ಫ್ಯಾನ್ ಕಿರುಚಿತು. ಉಷ್ಣತೆ 78 ಡಿಗ್ರಿಗೆ ಹೋಗಿ ನಿಂತಿತು. ನಿಲ್ತಿದ್ದ ಜಾಗ ದಾಟಿ ರೆಂಡರ್ ಮುಂದೆ ಸಾಗಿದಾಗ ಅವಳು ಕುರ್ಚಿಗೆ ಒರಗಿದಳು. ಅಲ್ಲೀತನಕ ತುದಿಯಲ್ಲೇ ಕೂತಿದ್ಲು.

ಬಿಲ್ಲಿನ ಮೇಲೆ ಪೆನ್ನಲ್ಲಿ ಬರೆದ ಒಂದು ತಿಂಗಳ ಗ್ಯಾರಂಟಿ. ಹಳೇ ಕಾರ್ಡ್ ಕೊಟ್ರೆ ರೇಟು ಇಳಿಸ್ತೀನಿ ಅಂದ ಹುಡುಗ. ತಂಗಿ ಒಪ್ಪಲಿಲ್ಲ. "ಹೊಸದು ಕೈಕೊಟ್ರೆ ಇದನ್ನೇ ಹಾಕ್ಕೋಬೇಕಲ್ಲಣ್ಣ" ಅಂತ ನನ್ನ ಕಡೆ ನೋಡಿ, ಆಂಟಿಸ್ಟಾಟಿಕ್ ಕವರಿನಲ್ಲಿ ಸುತ್ತಿಸಿಕೊಂಡು ಬ್ಯಾಗಿಗೆ ಹಾಕಿದಳು.