ಅಪ್ಪನ ಫೋಟೊ ಎಷ್ಟು ದೊಡ್ಡದು?

ಕಳೆದ ವರ್ಷ ಅಪ್ಪ ತೀರಿಕೊಂಡಾಗ ಗೋಡೆಗೆ ಹಾಕಲು ಅವರದೊಂದು ಒಳ್ಳೆಯ ಫೋಟೊ ಮನೆಯಲ್ಲಿರಲಿಲ್ಲ. ಬದುಕಿನುದ್ದಕ್ಕೂ ಹೊಲ, ಕಾಲುವೆ ನೀರು ಎಂದು ಓಡಾಡಿದ ಮನುಷ್ಯ. ಸ್ಟುಡಿಯೋದ ಸ್ಟೂಲಿನ ಮೇಲೆ ಕುಳಿತವರೇ ಅಲ್ಲ. ಹುಡುಕಿದಾಗ ಸಿಕ್ಕಿದ್ದು ತಂಗಿಯ ಮದುವೆಯಲ್ಲಿ ನೆಂಟರ ನಡುವೆ ನಗುತ್ತಾ ನಿಂತ ಒಂದು ಚಿತ್ರ. ತಮ್ಮ ತೆಗೆದದ್ದು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಅವನ ಆ ಫೋನು ಆಗಲೇ ನೀರಿಗೆ ಬಿದ್ದು ಹೋಗಿತ್ತು.

ಕಾರ್ಯದ ದಿನಕ್ಕೆ 16–20 ಇಂಚಿನ ಫೋಟೊ ಆಗಲೇಬೇಕೆಂದು ಅವ್ವನ ಆಸೆ. ಮಾನ್ವಿಯ ಸ್ಟುಡಿಯೋ ಹುಡುಗ ಚಿತ್ರ ನೋಡಿ, “ಸರ್, ಇದು ವಾಟ್ಸ್‌ಆ್ಯಪ್ ಫೋಟೊ ಅದ. ದೊಡ್ಡದು ಮಾಡಿದ್ರ ಒಡೀತದ್ರಿ” ಎಂದ. “ಮೊಬೈಲ್‌ನ್ಯಾಗ ಚಂದ ಕಾಣ್ತದಲ್ಲಪ್ಪಾ?” ಎಂದೆ. ಅವನು ನಕ್ಕು ಸುಮ್ಮನಾದ.

ಲೆಕ್ಕ ಬಿಡಿಸಿದವಳು ಒಂಬತ್ತನೇ ತರಗತಿಯ ಮಗಳು. ಡಿಜಿಟಲ್ ಚಿತ್ರವೆಂದರೆ ಬಣ್ಣದ ಚುಕ್ಕಿಗಳ ಸಾಲು, ಅವೇ ಪಿಕ್ಸೆಲ್‌ಗಳು. ಗುಂಪಿನಿಂದ ಅಪ್ಪನನ್ನಷ್ಟೇ ಕತ್ತರಿಸಿ ತೆಗೆದರೆ ಉಳಿಯುವುದು ಅಗಲಕ್ಕೆ 480, ಎತ್ತರಕ್ಕೆ 600 ಪಿಕ್ಸೆಲ್. ಅದನ್ನು 16 ಇಂಚಿಗೆ ಹರಡಿದರೆ ಇಂಚಿಗೆ 30 ಮಾತ್ರ. ಕೈಯಲ್ಲಿ ಹಿಡಿದು ನೋಡುವ ಚಿತ್ರ ನುಣುಪಾಗಿ ಕಾಣಲು ಇಂಚಿಗೆ ಸುಮಾರು 300 ಬೇಕು. 150ರವರೆಗೆ ಹೇಗೋ ನಡೆದೀತು. ಒಂದೆಕರೆಯ ಬೀಜವನ್ನು ನೂರೆಕರೆಗೆ ಎರಚಿದಂತೆ! ರಸ್ತೆ ಬದಿಯ ಫ್ಲೆಕ್ಸ್ ಬ್ಯಾನರಿಗೆ ತೆಳು ಬಿತ್ತನೆ ಸಾಕು, ಏಕೆಂದರೆ ಅದನ್ನು ನಾವು ದೂರದಿಂದ ನೋಡುತ್ತೇವೆ. ಹತ್ತಿರ ಹೋಗಿ ನೋಡಿದರೆ ನಾಯಕರ ಮೀಸೆಯೂ ಮೆಟ್ಟಿಲು ಮೆಟ್ಟಿಲಾಗಿರುತ್ತದೆ.

“ಹಾಗಿದ್ದರೆ ಚುಕ್ಕಿ ಹೆಚ್ಚಿಸಿದರಾಯಿತು” ಎಂದು ಅಳಿಯನೊಬ್ಬ ಕೃತಕ ಬುದ್ಧಿಮತ್ತೆಯ ಆ್ಯಪಿಗೆ ಚಿತ್ರ ಕೊಟ್ಟ. ನಿಮಿಷದಲ್ಲಿ ಹೊಳೆಹೊಳೆಯುವ ದೊಡ್ಡ ಮುಖ ಬಂತು. ನಾವೆಲ್ಲ ಹಿಗ್ಗಿದೆವು. ಅವ್ವ ಮಾತ್ರ ಬಹಳ ಹೊತ್ತು ನೋಡಿ ಫೋನನ್ನು ಹಿಂದಕ್ಕೆ ಕೊಟ್ಟಳು. “ಇವು ನಿಮ್ಮಪ್ಪನ ಕಣ್ಣಲ್ಲೋ. ಯಾರದೋ ಮಾರಿ ಅದ.”

ಅವಳ ಮಾತೇ ನಿಜ. ಚಿತ್ರದಲ್ಲಿ ಇಲ್ಲದ್ದನ್ನು ಯಂತ್ರ ಮರಳಿ ತರಲಾರದು. ಬೇರೆ ಸಾವಿರಾರು ಮುಖಗಳಿಂದ ಕಲಿತು ಊಹಿಸಿ ತುಂಬುತ್ತದೆ. ಬಿಸಿಲಿಗೆ ಕಿರಿದಾದ ಅಪ್ಪನ ಕಣ್ಣು, ಹುಬ್ಬಿನ ಮೇಲಿನ ಗಾಯದ ಗುರುತು ಅದಕ್ಕೇನು ಗೊತ್ತು?

ಕಳೆದುಹೋದದ್ದು ಎಲ್ಲಿ ಎಂಬುದನ್ನೂ ಮಗಳೇ ಹೇಳಿದಳು. ತಮ್ಮನ ಫೋನಿನ ಮೂಲ ಚಿತ್ರ 4000ಕ್ಕೆ 3000 ಪಿಕ್ಸೆಲ್‌ನದು. ವಾಟ್ಸ್‌ಆ್ಯಪ್ ಬೇಗ ಕಳಿಸುವ ಸಲುವಾಗಿ ಅದನ್ನು 1600ಕ್ಕೆ 1200 ಮಾಡಿತ್ತು. ಮೂಲವಿದ್ದಿದ್ದರೆ ಅಪ್ಪನ ಭಾಗವೇ 1200ಕ್ಕೆ 1500 ಇರುತ್ತಿತ್ತು. 8–10 ಇಂಚಿನ ಫೋಟೊ ಅಚ್ಚುಕಟ್ಟಾಗಿ ಬರುತ್ತಿತ್ತು. ಅದೇ ಚಿತ್ರವನ್ನು ‘ಡಾಕ್ಯುಮೆಂಟ್’ ಎಂದು ಕಳಿಸಿದ್ದರೆ ಒಂದು ಚುಕ್ಕಿಯೂ ಕರಗುತ್ತಿರಲಿಲ್ಲ.

ಮಕ್ಕಳೇ, ಭೂತಗನ್ನಡಿ ಇದ್ದರೆ ಪತ್ರಿಕೆಯಲ್ಲಿ ಅಚ್ಚಾದ ಚಿತ್ರವೊಂದನ್ನು ನೋಡಿ, ಚುಕ್ಕಿಗಳು ಕಾಣುತ್ತವೆ. ಆಮೇಲೆ ಮನೆಯ ಫೋನಿನ ಚಿತ್ರವೊಂದರ ವಿವರ ತೆರೆದು, ಪಿಕ್ಸೆಲ್ ಸಂಖ್ಯೆಯನ್ನು 300ರಿಂದ ಭಾಗಿಸಿ. ಅದು ಎಷ್ಟು ಇಂಚಿಗೆ ನಿಲ್ಲುತ್ತದೆಂದು ತಿಳಿಯುತ್ತದೆ. ದೊಡ್ಡವರು ಅಜ್ಜ–ಅಜ್ಜಿಯರ ಮೂಲ ಚಿತ್ರಗಳನ್ನು ಎರಡು ಕಡೆ ಉಳಿಸಿಡಿ. ಫೋನು ಹಳತಾಗುತ್ತದೆ, ನೀರಿಗೂ ಬೀಳುತ್ತದೆ.

ಕೊನೆಗೆ ನಾವು ಇಂಚಿಗೆ 150ರ ಲೆಕ್ಕದಲ್ಲಿ 3.2ಕ್ಕೆ 4 ಇಂಚಿನ ಚಿತ್ರ ಅಚ್ಚು ಹಾಕಿಸಿದೆವು. ಸ್ಟುಡಿಯೋ ಹುಡುಗ ಸುತ್ತ ಅಗಲವಾದ ಬಿಳಿ ಹಾಳೆಯಿಟ್ಟು ದೊಡ್ಡ ಚೌಕಟ್ಟು ಹಾಕಿಕೊಟ್ಟ. ಅಂಗೈಯಷ್ಟೇ ಚಿತ್ರ. ನೋಡಬೇಕಾದರೆ ಹತ್ತಿರ ಹೋಗಬೇಕು.

ಅವ್ವ ದಿನಾ ಹತ್ತಿರ ಹೋಗುತ್ತಾಳೆ.