ಪೆಟ್ರೋಲಿನ ಸಹನೆ

ಅಮೆರಿಕಾ ದೇಶದ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದವನಿಗೆ ಸಾಮಾನ್ಯವಾಗಿ ಮೂರು ಗುಂಡಿಗಳು ಎದುರಾಗುತ್ತವೆ. ಒಂದರ ಮೇಲೆ 87, ಇನ್ನೊಂದರ ಮೇಲೆ 89, ಮೂರನೆಯದರ ಮೇಲೆ 93. ಅಂಕಿ ಏರಿದಂತೆ ಬೆಲೆಯೂ ಏರುತ್ತದೆ. ಪರೀಕ್ಷೆಯಲ್ಲಿ 87 ಪಡೆದ ಹುಡುಗನಿಗಿಂತ 93 ಪಡೆದವನೇ ಜಾಣನೆಂದು ನಂಬಿ ಬೆಳೆದ ಮಧ್ಯಮವರ್ಗದ ಮನುಷ್ಯ ಪೆಟ್ರೋಲಿನ ವಿಷಯದಲ್ಲಿಯೂ ಹಾಗೆಯೇ ತರ್ಕಿಸಿದರೆ ಆಶ್ಚರ್ಯವಿಲ್ಲ. ಹೆಚ್ಚು ಅಂಕಿಯೆಂದರೆ ಹೆಚ್ಚು ಕಸುವು, ಹೆಚ್ಚು ಮೈಲಿ, ಎಂಜಿನ್ನಿಗೆ ಹಬ್ಬದೂಟ! ಈ ನಂಬಿಕೆಗಾಗಿ ಅಲ್ಲಿನ ಜನ ತೆರುವ ಕಂದಾಯ ಅಲ್ಪವಲ್ಲ. ಆ ದೇಶದ ಮೋಟಾರು ಸಂಘವಾದ ಎ.ಎ.ಎ. 2016ರಲ್ಲಿ ಹಾಕಿದ ಲೆಕ್ಕದಂತೆ, ಸಾಧಾರಣ ಪೆಟ್ರೋಲೇ ಸಾಕೆಂದು ತಯಾರಕರು ಹೇಳಿದ ಗಾಡಿಗಳಿಗೆ ದುಬಾರಿಯದನ್ನು ಹೊಯ್ದು ಜನರು ಒಂದೇ ವರ್ಷದಲ್ಲಿ 210 ಕೋಟಿ ಡಾಲರು ಕಳೆದಿದ್ದರು.

ವಾಸ್ತವವಾಗಿ ಆಕ್ಟೇನ್ ಎಂಬುದು ಶಕ್ತಿಯ ಅಳತೆಯೇ ಅಲ್ಲ. ಅದು ಸಹನೆಯ ಅಳತೆ. ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೇರುವಾಗ ಗಾಳಿ ಮತ್ತು ಪೆಟ್ರೋಲುಗಳ ಮಿಶ್ರಣ ಅದುಮಿಸಿಕೊಳ್ಳುತ್ತದೆ. ಪ್ಲಗ್ಗಿನ ಕಿಡಿ ಹಾರುವವರೆಗೆ, ಹಾರಿದ ಮೇಲೆಯೂ ಜ್ವಾಲೆ ತನ್ನ ಬಳಿಗೆ ಬಂದು ಮುಟ್ಟುವವರೆಗೆ ಅದು ತಾಳಿಕೊಂಡಿರಬೇಕು. ತಾಳ್ಮೆ ಸಾಲದ ಪೆಟ್ರೋಲು ಒತ್ತಡವನ್ನೂ ಕಾವನ್ನೂ ತಡೆಯಲಾರದೆ ಒಂದು ಮೂಲೆಯಲ್ಲಿ ತಾನಾಗಿ ಸಿಡಿಯುತ್ತದೆ. ಆಗ ಕೇಳಿಬರುವ ಟಕಟಕ ಸದ್ದಿಗೆ ನಾಕ್ ಎಂದು ಹೆಸರು. ಬಾಗಿಲು ತಟ್ಟುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದವಿದೆ. ಆದರೆ ಈ ಅತಿಥಿ ತಟ್ಟಿ ಸುಮ್ಮನಾಗುವವನಲ್ಲ, ಬಾಗಿಲನ್ನೇ ಮುರಿಯಬಲ್ಲವನು. ಬಲವಾದ ನಾಕ್ ಕೆಲವು ಕಾಲ ಮುಂದುವರಿದರೆ ಪಿಸ್ಟನ್ನುಗಳೇ ಬಿರಿಯುತ್ತವೆ.

ಪೆಟ್ರೋಲಿಗೆ ಈ ಸಹನೆಯನ್ನು ಕಲಿಸುವ ಯತ್ನ ಹಳೆಯದು. 1921ರಲ್ಲಿ ಥಾಮಸ್ ಮಿಡ್ಜ್‌ಲಿ ಎಂಬಾತ ಓಹಿಯೋ ರಾಜ್ಯದ ಡೇಟನ್ ನಗರದಲ್ಲಿ ಸೀಸದ ಒಂದು ಸಂಯುಕ್ತವನ್ನು ಬೆರೆಸಿ ನಾಕನ್ನು ಅಡಗಿಸಿದ. ಎಂಜಿನ್ನಿಗೆ ಬಂದ ಆ ಶಾಂತಿಗೆ ಮನುಷ್ಯರ ರಕ್ತದಲ್ಲಿ ಸೀಸ ಸೇರಬೇಕಾಯಿತು. ಅಮೆರಿಕಾ ರಸ್ತೆಯ ವಾಹನಗಳಿಗೆ ಅದನ್ನು ಪೂರ್ಣವಾಗಿ ನಿಷೇಧಿಸಿದ್ದು 1996ರಲ್ಲಿ. ಅಳತೆಗೋಲನ್ನು ಕೊಟ್ಟವನು ಗ್ರಹಾಂ ಎಡ್ಗರ್, 1926ರ ಸುಮಾರಿಗೆ. ಸುಲಭವಾಗಿ ಸಿಡಿಯದ ಐಸೋ-ಆಕ್ಟೇನಿಗೆ 100, ಕೂಡಲೇ ಸಿಡಿಯುವ ಹೆಪ್ಟೇನಿಗೆ ಸೊನ್ನೆ. ಆ ಹೆಪ್ಟೇನನ್ನು ಜೆಫ್ರಿ ಪೈನ್ ಎಂಬ ಮರದ ರಾಳದಿಂದ ಬಟ್ಟಿಯಿಳಿಸುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ. 87ರ ಪೆಟ್ರೋಲೆಂದರೆ ನೂರರಲ್ಲಿ 87 ಪಾಲು ಮೊದಲನೆಯದನ್ನೂ 13 ಪಾಲು ಎರಡನೆಯದನ್ನೂ ಬೆರೆಸಿದ ದ್ರವದಷ್ಟು ತಾಳ್ಮೆಯುಳ್ಳದ್ದು. ಬೆಂಗಳೂರಿನಿಂದ ಹೋದವರು ಆ 87ನ್ನು ಕಂಡು ಕೀಳೆಂದು ಭಾವಿಸಬೇಕಾಗಿಲ್ಲ. ಭಾರತದಲ್ಲಿ ಒಂದು ವಿಧಾನದ ಅಂಕಿಯನ್ನೇ ಹೇಳುತ್ತಾರೆ, ಅಮೆರಿಕಾದಲ್ಲಿ ಎರಡು ವಿಧಾನಗಳ ಸರಾಸರಿಯನ್ನು. ಅಲ್ಲಿನ 87 ಇಲ್ಲಿನ 91ಕ್ಕೆ ಹೆಚ್ಚುಕಡಿಮೆ ಸಮ.

ತಯಾರಕರು ಹೇಳಿದ ಅಂಕಿಯನ್ನು ಹಾಕಿಸಿಕೊಂಡು ಹೋಗುವವನಿಗೆ ಈ ಶಾಸ್ತ್ರವೆಲ್ಲ ಅನಾವಶ್ಯಕ. ತೊಡಕು ಪ್ರಾರಂಭವಾಗುವುದು ಟ್ಯೂನರ್ ಎಂಬ ಅಂಗೈಯಗಲದ ಪೆಟ್ಟಿಗೆ ಮನೆಗೆ ಬಂದ ದಿನ. ಮುಂದೆ ಸಂಸಾರವನ್ನೂ ಹಿಂದೆ ಸಾಮಾನನ್ನೂ ಹೊರುವ ಪಿಕಪ್ ಟ್ರಕ್ಕುಗಳ ಮೇಲೆ ಅಮೆರಿಕನರಿಗೆ ವಿಶೇಷ ಮಮತೆ. ಆಧುನಿಕ ಎಂಜಿನ್ನಿನ ಕಿಡಿ ಯಾವಾಗ ಹಾರಬೇಕು, ಟರ್ಬೋ ಎಷ್ಟು ಗಾಳಿಯನ್ನು ಒತ್ತಿ ತುಂಬಬೇಕೆಂಬುದನ್ನು ನಿರ್ಧರಿಸುವ ಕಂಪ್ಯೂಟರಿಗೆ ಈ ಪೆಟ್ಟಿಗೆ ಹೊಸ ಪಾಠ ಹೇಳಿಕೊಡುತ್ತದೆ. 87ಕ್ಕೊಂದು ಪಾಠ, 91ಕ್ಕೊಂದು, 93ಕ್ಕೊಂದು. ಮೇಲಿನ ಪಾಠದಲ್ಲಿ ಕಿಡಿ ಮುಂಚಿತವಾಗಿ ಹಾರುತ್ತದೆ, ಒತ್ತಡ ಹೆಚ್ಚುತ್ತದೆ, ಬಲವೂ ಹೆಚ್ಚುತ್ತದೆ. ಬಲವನ್ನು ಕೊಡುವುದು ಪಾಠವೇ ಹೊರತು ಪೆಟ್ರೋಲಲ್ಲ. ಪೆಟ್ರೋಲಿನ ಕೆಲಸ ಸಹಿಸುವುದು. 87ರ ಪಾಠಕ್ಕೆ 93ರ ಪೆಟ್ರೋಲು ಹಾಕಿದರೆ ಹೋಗುವುದು ಹೆಚ್ಚಾಗಿ ಹಣ ಮಾತ್ರ. 93ರ ಪಾಠಕ್ಕೆ 87ನ್ನು ಹಾಕಿದರೆ ಎಂಜಿನ್ನೇ ಹೋಗಬಹುದು. ನಾಕಿನ ಸದ್ದಿಗೆ ಕಿವಿಗೊಟ್ಟು ಕಿಡಿಯನ್ನು ಹಿಂದಕ್ಕೆಳೆಯುವ ಯಂತ್ರವೊಂದು ಎಂಜಿನ್ನಿನ ಮೈಗೆ ಅಂಟಿಕೊಂಡಿರುವುದು ನಿಜ. ಆದರೆ ಕಾವಲುಗಾರನಿದ್ದಾನೆಂದು ರಾತ್ರಿಯೆಲ್ಲ ಬಾಗಿಲು ತೆರೆದಿಡುವವರುಂಟೆ?

ಡಲ್ಲಾಸ್ ನಗರದಲ್ಲಿದ್ದ ಮೈಸೂರು ಕಡೆಯ ಇಂಜಿನಿಯರೊಬ್ಬರು ತಮ್ಮ ಟರ್ಬೋ ಟ್ರಕ್ಕಿಗೆ 93ರ ಪಾಠವನ್ನು ಹೇಳಿಸಿ ಎರಡು ವರ್ಷ ಸುಖವಾಗಿದ್ದರು. ಕೆಲಸ ಡೆನ್ವರಿಗೆ ವರ್ಗವಾಯಿತು. ಮನೆಯ ಸಾಮಾನೆಲ್ಲ ಹಿಂದಿನ ಟ್ರೇಲರಿಗೇರಿತು. ಹೆಂಡತಿ, ಇಬ್ಬರು ಮಕ್ಕಳು ಟ್ರಕ್ಕಿಗೇರಿದರು. ಸುಮಾರು 800 ಮೈಲಿಗಳ ದಾರಿ. ಟೆಕ್ಸಾಸಿನ ಬಯಲು ಮುಗಿದು ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಬಂದು ಕ್ಲೇಟನ್ ಎಂಬ ಊರಿನ ಬಂಕಿನಲ್ಲಿ ನಿಂತಾಗ ಟ್ಯಾಂಕಿನಲ್ಲಿ ಮೂರರಲ್ಲೊಂದು ಪಾಲು ಪೆಟ್ರೋಲಿತ್ತು. ಗುಂಡಿಗಳಲ್ಲಿ 93 ಇರಲಿಲ್ಲ. ಎಲ್ಲಕ್ಕೂ ದೊಡ್ಡದೆಂದರೆ 91. ಮುಂದೆ ಇದ್ದದ್ದು 7,800 ಅಡಿಗೂ ಎತ್ತರದ ರಾಟೋನ್ ಘಟ್ಟ.

ಆ ಎತ್ತರದ ಸೀಮೆಗಳಲ್ಲಿ ಅಂಕಿಗಳು ತಗ್ಗಿರುವುದಕ್ಕೆ ಕಾರಣವುಂಟು. ಗಾಳಿ ತೆಳುವಾದಲ್ಲಿ ಹಳೆಯ ಕಾಲದ ಎಂಜಿನ್ನಿನೊಳಗೆ ಒತ್ತಡವೂ ತಗ್ಗುತ್ತಿತ್ತು. ಕಡಿಮೆ ಸಹನೆಯ ಪೆಟ್ರೋಲೇ ಸಾಕಾಗುತ್ತಿತ್ತು. ಕೊಲರಾಡೊದಲ್ಲಿ 85ನ್ನೂ ಮಾರುತ್ತಾರೆ. ಆದರೆ ತೆಳುಗಾಳಿಯನ್ನೂ ಒತ್ತಿ ತುಂಬುವ ಟರ್ಬೋ ಎಂಜಿನ್ನಿಗೆ ಈ ರಿಯಾಯಿತಿ ಸಲ್ಲುವುದಿಲ್ಲ.

“ರೀ, ಎರಡೇ ಅಂಕಿ ತಾನೆ ಕಡಿಮೆ?” ಎಂದರು ಹೆಂಡತಿ. “91 ಬಂದವನನ್ನು ಯಾರೂ ಫೇಲು ಮಾಡುವುದಿಲ್ಲ.”

“ಬಯಲಿನಲ್ಲಾದರೆ ಹೇಗೋ ಆಗುತ್ತಿತ್ತು ಕಣೇ. ಹಿಂದೆ ಇಷ್ಟು ಭಾರ, ಮುಂದೆ ಘಟ್ಟ. ಎಂಜಿನ್ ಕೈಕೊಟ್ಟರೆ ಸಾವಿರಾರು ಡಾಲರು.”

ಅಂಗಡಿಯೊಳಗೆ ಆಕ್ಟೇನ್ ಹೆಚ್ಚಿಸುವ ಬಾಟಲಿಗಳಿದ್ದವು. ಐದು ಪಾಯಿಂಟು ಏರುವುದೆಂಬ ಬರಹ ಆಸೆ ಹುಟ್ಟಿಸುವಂತಹುದೇ. ಇಂತಹ ಬಾಟಲಿಗಳ ಭಾಷೆಯಲ್ಲಿ ಸಾಮಾನ್ಯವಾಗಿ ಪಾಯಿಂಟೆಂದರೆ ಅಂಕಿಯ ಹತ್ತನೆಯ ಒಂದು ಭಾಗ. 91 ಎಂಬುದು 91.5 ಆದೀತು, 96 ಅಲ್ಲ. ಟ್ಯಾಂಕಿನಲ್ಲಿ ಉಳಿದ 93ನ್ನು ಕೂಡಿಸಿ ಲೆಕ್ಕ ಹಾಕಿದರೂ ಮಿಶ್ರಣ 93ಕ್ಕೆ ಮುಟ್ಟುತ್ತಿರಲಿಲ್ಲ. ಇಂಜಿನಿಯರಿಗೆ ಇದೆಲ್ಲ ತಿಳಿಯದ್ದಲ್ಲ. ತಿಳಿದೂ ಬಾಟಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ದುಡ್ಡು ಕೊಟ್ಟು ಪಡೆದ ಬಲವನ್ನು ತನ್ನ ಕೈಯಾರೆ ಇಳಿಸುವುದು, ಬಡ್ತಿ ಪಡೆದ ಗುಮಾಸ್ತ ತಾನಾಗಿ ಹಳೆಯ ಕುರ್ಚಿಗೆ ಹೋಗಿ ಕೂತಂತೆ.

“ಆ ಪೆಟ್ಟಿಗೆಗೇ ಹೇಳಿ ಕಡಿಮೆ ಮಾಡಿಸಬಾರದೆ?” ಎಂದರು ಆಕೆ, ಮಕ್ಕಳಿಗೆ ಚಿತ್ರಾನ್ನದ ಡಬ್ಬಿ ತೆರೆಯುತ್ತ. “ಡೆನ್ವರಿನಲ್ಲಿ ನಮಗಾಗಿ ಯಾರೂ ಆರತಿ ಹಿಡಿದು ಕಾದಿಲ್ಲ.”

ಬಾಟಲಿ ಕಪಾಟಿಗೆ ಮರಳಿತು. ಪೆಟ್ರೋಲು ಹಾಕುವುದಕ್ಕೆ ಮೊದಲೇ ಅವರು ಟ್ರಕ್ಕನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಪೆಟ್ಟಿಗೆಯ ತಂತಿಯನ್ನು ಚುಚ್ಚಿದರು. ಈ ಕ್ರಮ ಮುಖ್ಯ: ಇಳಿಯುವಾಗ ಮೊದಲು ಪಾಠ, ಆಮೇಲೆ ಪೆಟ್ರೋಲು, ಏರುವಾಗ ಮೊದಲು ಪೆಟ್ರೋಲು, ಹಳೆಯದೆಲ್ಲ ಖರ್ಚಾದ ಮೇಲೆ ಪಾಠ. ಬರೆಯುವ ನಡುವೆ ಬ್ಯಾಟರಿ ಸೋತರೆ ಕಂಪ್ಯೂಟರು ಕೆಡುವ ಭಯವುಂಟಾದ್ದರಿಂದ ಮಕ್ಕಳಿಗೆ ರೇಡಿಯೋ ಮುಟ್ಟಬಾರದೆಂದು ಅಪ್ಪಣೆಯಾಯಿತು. ಅವರು ಆರಿಸಿದ್ದು 91ರ ಪಾಠವನ್ನೂ ಅಲ್ಲ, ಕಾರ್ಖಾನೆಯ ಮೂಲಪಾಠವನ್ನು. ಹಾಕಿಸಿದ್ದು ಮಾತ್ರ 91. ಭಾರ ಎಳೆಯುವಾಗ ಪಾಠ ಕೆಳಗಿನದೂ ಪೆಟ್ರೋಲು ಮೇಲಿನದೂ ಆಗಿರುವುದು ಕ್ಷೇಮ. ಅಲ್ಲಿ ಆ ಹೆಚ್ಚಿನ ಬೆಲೆ ದಂಡವಲ್ಲ.

ಘಟ್ಟದಲ್ಲಿ ಹಿಂದಿನ ಗಾಡಿಗಳೆಲ್ಲ ಅವರನ್ನು ದಾಟಿ ಹೋದವು. ರೇಡಿಯೋ ನಿಲ್ಲಿಸಿ, ಕಿಟಕಿಯನ್ನು ಬೆರಳಗಲ ಇಳಿಸಿ ಇಂಜಿನಿಯರು ಕಿವಿಗೊಟ್ಟು ಕೇಳುತ್ತಲೇ ಇದ್ದರು, ಟಕಟಕ ಬರಲಿಲ್ಲ. ಡೆನ್ವರಿನಲ್ಲಿ ಟ್ರೇಲರು ಕಳಚಿದ ಮೇಲೆ 91ರ ಪಾಠ ಹಾಕಿಕೊಂಡರು. 93ರದು ಪೆಟ್ಟಿಗೆಯೊಳಗೆ ಹಾಗೆಯೇ ಇದೆ, ಮದುವೆಯ ದಿನದ ಜರತಾರಿ ಪೇಟದಂತೆ.