ಕೊಳ್ಳದೆ ಸುತ್ತುವ ಸುಖ

ಪರದೇಶಕ್ಕೆ ಹೋಗಿಬಂದವರು ಅರಮನೆ, ಚರ್ಚು, ಮ್ಯೂಸಿಯಂಗಳ ಬಗ್ಗೆ ಬರೆಯುವುದು ವಾಡಿಕೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಅವೆಲ್ಲ ಬೇಕಾದಷ್ಟಿವೆ, ನೋಡಿದ್ದೂ ಆಯಿತು. ಆದರೆ ನಾನು ನಿಮಗೆ ಹೇಳಹೊರಟಿರುವುದು ಒಂದು ಅಂಗಡಿಯ ವಿಚಾರ. ನಗಬೇಡಿ! ಮೇಜು, ಕುರ್ಚಿ, ಮಂಚ ಮಾರುವ ಅಂಗಡಿಯೇ. ನಾವು ಐಕಿಯಾ ಅನ್ನುತ್ತೇವೆ. ಅಲ್ಲಿನವರ ಬಾಯಲ್ಲಿ ಅದು "ಈಕೇಯಾ". ಹೆಣ್ಣು ನೋಡಲು ಬಂದವರು ಪಕ್ಕದವರನ್ನು "ಈಕೆಯಾ?" ಎಂದು ಪಿಸುಗುಟ್ಟಿದ ಹಾಗೆ ಕೇಳಿಸುತ್ತೆ ನೋಡಿ!

ಊರಿನ ದಕ್ಷಿಣಕ್ಕೆ ಕುಂಗೆನ್ಸ್ ಕುರ್ವಾ ಎಂಬಲ್ಲಿದೆ ಈ ಅಂಗಡಿ. ಹಾಗಂದರೆ 'ರಾಜನ ತಿರುವು'. 1946ರಲ್ಲಿ ಐದನೇ ಗುಸ್ತಾವ್ ದೊರೆಯ ಕಾರು ಇಲ್ಲಿ ರಸ್ತೆ ಬಿಟ್ಟು ಹಳ್ಳಕ್ಕಿಳಿಯಿತಂತೆ. ದೊರೆಗೇನೂ ಆಗಲಿಲ್ಲ, ಜಾಗಕ್ಕೆ ಹೆಸರು ಬಂತು. 1965ರಲ್ಲಿ ಅಂಗಡಿ ತೆರೆದಾಗ ಜನ ಮುಗಿಬಿದ್ದರು. ನೌಕರರ ಕೈ ಸಾಲದೆ, ಗೋದಾಮಿನ ಬಾಗಿಲನ್ನೇ ತೆಗೆದು "ನೀವೇ ಎತ್ತಿಕೊಳ್ಳಿ" ಅಂದುಬಿಟ್ಟರು. ಆ ಹೊತ್ತಿನ ಉಪಾಯವೇ ಇವತ್ತು ಪದ್ಧತಿಯಾಗಿದೆ.

ಒಳಗೆ ಕಾಲಿಟ್ಟರೆ ದಾರಿ ನಿಮ್ಮದಲ್ಲ, ಅವರದು. ನೆಲದ ಮೇಲೆ ಬಾಣದ ಗುರುತು. ದೇವಸ್ಥಾನದ ಪ್ರದಕ್ಷಿಣೆಯ ಹಾಗೆ ಒಂದೇ ದಿಕ್ಕಿಗೆ ನಡೆಯಬೇಕು. ಸೋಫಾ ದಾಟಿದರೆ ಮಂಚ, ಮಂಚ ದಾಟಿದರೆ ಅಡುಗೆಮನೆ... ಇದರಲ್ಲಿ ವ್ಯಾಪಾರಿಯ ಜಾಣತನ ಇದ್ದೇ ಇದೆ. ಹೆಚ್ಚು ನಡೆಸಿದಷ್ಟೂ ಹೆಚ್ಚು ಕಣ್ಣಿಗೆ ಬೀಳುತ್ತೆ, ಬುಟ್ಟಿಗೂ ಬೀಳುತ್ತೆ. ನಡುನಡುವೆ ಒಳದಾರಿಗಳೂ ಇವೆ, ಕಾಲು ಸೋತವರು ಹುಡುಕಿಕೊಳ್ಳಬಹುದು.

ಆದರೆ ಸುಖ ಇರುವುದು ಕೋಣೆಗಳಲ್ಲಿ. ಅಲ್ಲಿ ಸಾಮಾನನ್ನು ಸಾಲಾಗಿ ಪೇರಿಸಿಟ್ಟಿಲ್ಲ. ಯಾರೋ ಈಗಷ್ಟೇ ಎದ್ದು ಹೊರಗೆ ಹೋದ ಹಾಗೆ ಪೂರ್ತಿ ಮನೆಗಳನ್ನೇ ಹೂಡಿದ್ದಾರೆ. ಮಂಚದ ಮೇಲೆ ಮಡಿಸಿದ ಹೊದಿಕೆ, ಗೂಟಕ್ಕೆ ನೇತುಹಾಕಿದ ಕೋಟು, ಕಪಾಟಿನಲ್ಲಿ ನಿಜವಾದ ಸ್ವೀಡಿಷ್ ಪುಸ್ತಕಗಳು. ನೀವು ಸೋಫಾದ ಮೇಲೆ ಕೂರಬಹುದು, ಮಂಚದ ಮೇಲೆ ಒರಗಬಹುದು. (ಬೀಜಿಂಗಿನ ಅಂಗಡಿಯಲ್ಲಿ ಜನ ಚಪ್ಪಲಿ ಬಿಟ್ಟು ನಿದ್ದೆಯನ್ನೇ ಹೊಡೆಯುತ್ತಿದ್ದದ್ದು ಲೋಕಪ್ರಸಿದ್ಧ.) ಎಳೆಗೂದಲಿನಷ್ಟೂ ಕಪ್ಪಿಲ್ಲದ ಅಜ್ಜಿಯೊಬ್ಬರು ಒಂದು ಅಡುಗೆಮನೆಯ ಪ್ರತಿಯೊಂದು ಡ್ರಾಯರನ್ನೂ ಎಳೆದು, ಮುಚ್ಚಿ, ಮತ್ತೆ ಎಳೆದು ನೋಡುತ್ತಿದ್ದರು. ಯಾರೂ "ಏನು ಬೇಕಮ್ಮಾ?" ಅನ್ನಲಿಲ್ಲ.

ನಮಗೆ ಇದು ಎಷ್ಟು ಅಪರೂಪ ಯೋಚಿಸಿ. ಮದುವೆಯಾಗಿ ಬರುವಾಗಲೇ ಅತ್ತೆಯ ಡಬ್ಬಗಳು ಅವವುಗಳ ಜಾಗದಲ್ಲಿ ಕೂತಿರುತ್ತವೆ. ಉಪ್ಪಿನ ಭರಣಿಯನ್ನು ಎಡದಿಂದ ಬಲಕ್ಕಿಡಲು ನಮ್ಮಲ್ಲಿ ಎಷ್ಟು ಜನರಿಗೆ ಹತ್ತು ವರ್ಷ ಹಿಡಿದಿಲ್ಲ? ಇಲ್ಲಿ ಒಂದು ಮಧ್ಯಾಹ್ನದಲ್ಲಿ ಡಜನ್‌ಗಟ್ಟಲೆ ಮನೆಗಳಿಗೆ ನೀವೇ ಯಜಮಾನಿ!

ಅಡುಗೆಮನೆಗಳ ಹತ್ತಿರ ನಾನು ತುಂಬ ಹೊತ್ತು ನಿಂತೆ. ಕಟ್ಟೆ ನನಗೆ ಎತ್ತರವೇ, ಸುಮಾರು 90 ಸೆಂಟಿಮೀಟರು. ಆದರೆ ಈ ಎತ್ತರದ ಹಿಂದೆ ಒಂದು ಕತೆ ಇದೆ. 1944ರಲ್ಲೇ ಸ್ವೀಡನ್ನಿನಲ್ಲಿ ಮನೆಗೆಲಸದ ಸಂಶೋಧನೆಗೆಂದು ಒಂದು ಸಂಸ್ಥೆ ಹುಟ್ಟಿತು. ಹುಟ್ಟಿಸಿದವರು ಗೃಹಿಣಿಯರ ಸಂಘಟನೆಗಳು ಮತ್ತು ಗೃಹವಿಜ್ಞಾನದ ಶಿಕ್ಷಕಿಯರು. ಪಾತ್ರೆ ತೊಳೆಯುವಂಥ ಕೆಲಸಗಳನ್ನೂ ಹೆಂಗಸರು ಹೇಗೆ ನಿಂತು, ಎಷ್ಟು ಬಾಗಿ ಮಾಡುತ್ತಾರೆಂದು ಅಳೆದು ನೋಡಿದರು. ಮುಂದೆ ಅಲ್ಲಿನ ಅಡುಗೆಮನೆಗಳಿಗೆ ಗೊತ್ತಾದ ಅಳತೆಗಳು ಬಂದವು. ಈ ಅಳೆಯುವ ಹುಚ್ಚನ್ನು ಗೇಲಿ ಮಾಡಿ 2003ರಲ್ಲಿ ನಾರ್ವೆಯವರು 'ಕಿಚನ್ ಸ್ಟೋರೀಸ್' ಅಂತ ಒಂದು ಚಿತ್ರವನ್ನೇ ತೆಗೆದರು. ಅದರಲ್ಲಿ ಸ್ವೀಡನ್ನಿನವನೊಬ್ಬ ಎತ್ತರದ ಕುರ್ಚಿ ಹಾಕಿಕೊಂಡು, ಒಂಟಿ ಗಂಡಸಿನ ಅಡುಗೆಮನೆ ಓಡಾಟವನ್ನು ಬರೆದುಕೊಳ್ಳುತ್ತಾನೆ. ನಗು ಬರುತ್ತೆ, ನಿಜ. ಆದರೆ ನಮ್ಮ ಬೆನ್ನುನೋವನ್ನು ಅಳೆಯಲು ಯಾರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ ಹೇಳಿ? ನಮ್ಮ ಕಟ್ಟೆಯ ಎತ್ತರ ಗಾರೆ ಕೆಲಸದವನ ಅಂದಾಜು. ಅವನು ಅಡುಗೆ ಮಾಡೋದಿಲ್ಲ!

ನೀವೇ ಅಳೆದುಕೊಳ್ಳಿ. ನೆಟ್ಟಗೆ ನಿಂತು ಕೈ ಮಡಿಸಿ. ತರಕಾರಿ ಹೆಚ್ಚುವ ಜಾಗ ಮೊಣಕೈಯಿಂದ ನಾಲ್ಕೈದು ಅಂಗುಲ ಕೆಳಗಿರಬೇಕು. ಚಪಾತಿ ಲಟ್ಟಿಸುವುದಕ್ಕೆ ಇನ್ನೂ ಸ್ವಲ್ಪ ತಗ್ಗಿದ್ದರೆ ಒಳ್ಳೆಯದು.

ಅಂಗಡಿ ಕಟ್ಟಿದ ಇಂಗ್ವಾರ್ ಕಂಪ್ರಾಡ್ ಹುಟ್ಟಿದ್ದು ಸ್ಮೋಲಂಡ್ ಸೀಮೆಯಲ್ಲಿ. ಕಲ್ಲುಭೂಮಿ, ಕೈಬಿಗಿ ಜನ. ಹುಡುಗನಾಗಿದ್ದಾಗ ನೆರೆಹೊರೆಗೆ ಬೆಂಕಿಪೊಟ್ಟಣ ಮಾರುತ್ತಿದ್ದವನು 1943ರಲ್ಲಿ, ಹದಿನೇಳನೇ ವಯಸ್ಸಿಗೆ ಕಂಪನಿ ತೆಗೆದ. ಅಕ್ಷರ-ಅಂಕಿ ತಲೆಯಲ್ಲಿ ಗೊಂದಲವಾಗುತ್ತಿದ್ದುದರಿಂದ ಸಾಮಾನಿಗೆ ನಂಬರಿನ ಬದಲು ಹೆಸರಿಟ್ಟ. ಸೋಫಾಗಳಿಗೆ ಊರಿನ ಹೆಸರು. ಎಕ್‌ಟಾರ್ಪ್ ಅನ್ನುವ ಸೋಫಾದ ಊರು ಸ್ಟಾಕ್‌ಹೋಮಿನ ಮಗ್ಗುಲಲ್ಲೇ ಇದೆ. ನಮ್ಮಲ್ಲಾದರೆ ತಿಪಟೂರು ಮಂಚ, ಅರಸೀಕೆರೆ ಮೇಜು! 1956ರಿಂದ ಕಾಲು ಬಿಚ್ಚಿದ ಮೇಜನ್ನು ಚಪ್ಪಟೆ ಪೆಟ್ಟಿಗೆಯಲ್ಲಿ ಮಾರತೊಡಗಿದರು. ಅಗ್ಗದ ಗುಟ್ಟು ಇದೇ. ಹೊರುವುದು, ಜೋಡಿಸುವುದು ನಮ್ಮ ಪಾಲಿಗೆ. ತಿರುಪು ಬಿಗಿಯುವ ಕೆಲಸ ಮನೆಯ ಗಂಡಸರಿಗೇ ಬಿಡಬೇಕೆಂದೇನಿಲ್ಲ. ಚಿತ್ರ ನೋಡಿಕೊಂಡು ಮಾಡುವುದು, ರಂಗೋಲಿ ಎಳೆ ಬಲ್ಲವರಿಗೆ ಕಷ್ಟವಲ್ಲ.

ಇದಕ್ಕಾಗಿ ಸ್ವೀಡನ್ನಿಗೇ ಹೋಗಬೇಕಿಲ್ಲ. ನಮ್ಮ ದೇಶದ ಮೊದಲ ಐಕಿಯಾ 2018ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ನಮ್ಮ ಹೆಂಗಸರ ಎತ್ತರಕ್ಕೆಂದು ಅಲ್ಲಿ ಅಡುಗೆಕಟ್ಟೆಗಳನ್ನು ತಗ್ಗಿಸಿಟ್ಟರು. 2022ರ ಜೂನಿನಲ್ಲಿ ಬೆಂಗಳೂರಿಗೂ ಬಂತು. ತುಮಕೂರು ರಸ್ತೆಯ ನಾಗಸಂದ್ರದಲ್ಲಿ, ಮೆಟ್ರೊ ನಿಲ್ದಾಣದ ಪಕ್ಕದಲ್ಲೇ. ಮದುವೆ-ಮುಂಜಿಗೆ ಬೆಂಗಳೂರಿಗೆ ಹೋದಾಗ ಒಂದು ಮಧ್ಯಾಹ್ನ ಉಳಿಸಿಕೊಳ್ಳಿ. ವಾರದ ದಿನವಾದರೆ ಸಂದಣಿ ಕಡಿಮೆ. ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ. ನಿಮ್ಮ ಅಡುಗೆಮನೆಯ ಉದ್ದಗಲ ಚೀಟಿಯಲ್ಲಿ ಬರೆದುಕೊಳ್ಳಿ. ಕೊಳ್ಳದಿದ್ದರೂ ಊರಿನ ಬಡಗಿಗೆ ತೋರಿಸಿ ಹೇಳಲು ನಾಲ್ಕು ವಿಷಯ ಸಿಗುತ್ತೆ.

ಮರೆತೆ, ಊಟ! ಸುತ್ತಾಟದ ನಡುವೆ ಊಟದ ಮನೆಯೂ ಉಂಟು. ಹಸಿದ ಹೊಟ್ಟೆಯವರ ಹತ್ತಿರ ವ್ಯಾಪಾರ ಗಿಟ್ಟದು ಅನ್ನೋ ಲೆಕ್ಕ. 1985ರಿಂದ ಅಲ್ಲಿ ಮಾಂಸದ ಉಂಡೆ ಹೆಸರುವಾಸಿ. ನನ್ನಂಥವರಿಗೆ ತರಕಾರಿ ಉಂಡೆಯೂ ಸಿಗುತ್ತೆ, ಸ್ವಲ್ಪ ಸಪ್ಪೆ. ದಾಲ್ಚಿನ್ನಿ ಬನ್ನು ಮಾತ್ರ ಸೊಗಸು. ಲಿಂಗನ್ ಅನ್ನುವ ಕೆಂಪು ಕಾಡುಹಣ್ಣಿನ ಜಾಮಿನ ಒಂದು ಶೀಶೆ ಸ್ಟಾಕ್‌ಹೋಮಿನಿಂದ ತಂದಿದ್ದೆ. ಹುಳಿ-ಸಿಹಿ, ನಮ್ಮ ಕವಳಿ ಹಣ್ಣಿನ ನೆಂಟ. ನೀರುದೋಸೆಗೆ ಚೆನ್ನಾಗಿ ಒಗ್ಗಿತು. ಇಡ್ಲಿಗೆ ಬೇಡ.